ಎಂಜಿನ್ನಿನ ಮಸಿ, ಪೆಟ್ರೋಲಿನ ಸಾಬೂನು

ಲಾಟೀನಿನ ಗಾಜಿಗೆ ಹಿಡಿದ ಮಸಿಯನ್ನು ಒಲೆಯ ಬೂದಿ ಹಚ್ಚಿ, ಹಳೆಯ ಬಟ್ಟೆಯಿಂದ ಒರೆಸಿಡುವುದು ಒಂದು ಕಾಲಕ್ಕೆ ನಮ್ಮ ಹಳ್ಳಿಮನೆಗಳಲ್ಲಿ ಮಕ್ಕಳ ಪಾಲಿನ ಕೆಲಸವಾಗಿತ್ತು. ನೀವು ಮಾಡಿರಲಾರಿರಿ, ನಿಮ್ಮ ತಾತನನ್ನೋ ಅಜ್ಜಿಯನ್ನೋ ಕೇಳಿ ನೋಡಿ. ಬತ್ತಿಯನ್ನು ಹೆಚ್ಚು ಏರಿಸಿದರೆ, ಗಾಳಿ ಸಾಲದೆ ಹೋದರೆ ಮಸಿ ದಟ್ಟವಾಗುತ್ತಿತ್ತು. ಕಾರಿನ ಎಂಜಿನ್ನೂ ಒಂದು ರೀತಿಯಲ್ಲಿ ಮುಚ್ಚಿದ ಲಾಟೀನೇ. ಅದರೊಳಗೆ ನಿಮಿಷಕ್ಕೆ ಸಾವಿರಾರು ಸಲ ಪೆಟ್ರೋಲು ಹೊತ್ತಿ ಆರುತ್ತದೆ. ಅಲ್ಲಿಯೂ ಮಸಿ ಕೂರುತ್ತದೆ. ಆದರೆ ಈ ಲಾಟೀನಿನ ಒಳಗೆ ಕೈಹಾಕಿ ಒರೆಸುವಂತಿಲ್ಲ.

ಪೆಟ್ರೋಲ್ ಬಂಕುಗಳಲ್ಲಿ, ಬಿಡಿಭಾಗಗಳ ಅಂಗಡಿಗಳಲ್ಲಿ ಪುಟ್ಟ ಪುಟ್ಟ ಬಾಟಲಿಗಳು ಮಾರಾಟಕ್ಕಿರುವುದನ್ನು ನೀವು ಕಂಡಿರಬಹುದು. ಇದನ್ನು ಟ್ಯಾಂಕಿಗೆ ಸುರಿದರೆ ಎಂಜಿನ್ನಿನೊಳಗಿನ ಇಂಗಾಲದ ಕಿಟ್ಟವೆಲ್ಲ ಕರಗಿಹೋಗುತ್ತದೆ ಎಂದು ಅವುಗಳ ಮೇಲೆ ಬರೆದಿರುತ್ತದೆ. ಈ ಮಾತು ಎಷ್ಟು ನಿಜ? ಉತ್ತರದ ಅರ್ಧ ರಸಾಯನಶಾಸ್ತ್ರದಲ್ಲಿದೆ, ಇನ್ನರ್ಧ ಇತಿಹಾಸದಲ್ಲಿದೆ. ಎಂಜಿನ್ನಿಗೆ ಏನನ್ನಾದರೂ ಕುಡಿಸಿ ಅದರ ಕಾಯಿಲೆ ವಾಸಿಮಾಡುವ ಪ್ರಯತ್ನಕ್ಕೆ ನೂರು ವರ್ಷ ಮೀರಿದ ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ಕಾರ್ಮಿಕರು ಪ್ರಾಣ ತೆತ್ತಿದ್ದಾರೆ, ಒಂದು ಟೆಲಿವಿಷನ್ ಜಾಹೀರಾತು ನ್ಯಾಯಾಲಯದ ಮೆಟ್ಟಿಲು ಹತ್ತಿದೆ, ಜಗತ್ತಿನ ಕೋಟ್ಯಂತರ ಮಕ್ಕಳ ರಕ್ತದಲ್ಲಿ ಸೀಸ ಸೇರಿದೆ. ಆದ್ದರಿಂದ ಬಾಟಲಿಯ ಮುಚ್ಚಳ ತೆರೆಯುವ ಮುನ್ನ ಸ್ವಲ್ಪ ಹಿಂದಕ್ಕೆ ಹೋಗಿಬರೋಣ.

ಮೊದಲು ಈ ಕಿಟ್ಟ ಎಲ್ಲಿಂದ ಬರುತ್ತದೆಂದು ತಿಳಿಯಬೇಕು. ಪೆಟ್ರೋಲು ಹೈಡ್ರೊಕಾರ್ಬನ್ನುಗಳ ಮಿಶ್ರಣ. ತೂಕದಲ್ಲಿ ಅದರ ಸುಮಾರು ಶೇಕಡಾ 85 ಭಾಗ ಇಂಗಾಲವೇ. ಸಾಕಷ್ಟು ಗಾಳಿ, ಸಾಕಷ್ಟು ಶಾಖ, ಸಾಕಷ್ಟು ಸಮಯ ಈ ಮೂರೂ ದೊರೆತರೆ ಅದು ಪೂರ್ತಿ ಉರಿದು ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿಯಾಗುತ್ತದೆ. ಓಡುತ್ತಿರುವ ಎಂಜಿನ್ನಿನಲ್ಲಿ ಉರಿಯಲು ಸಿಗುವ ಸಮಯ ಸೆಕೆಂಡಿನ ನೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ತಣ್ಣಗಿನ ಗೋಡೆಯ ಬಳಿ ಜ್ವಾಲೆ ಆರಿಹೋಗುತ್ತದೆ. ಪಿಸ್ಟನ್ನಿನ ಉಂಗುರಗಳ ಸಂದಿಯಿಂದ ಕೀಲೆಣ್ಣೆ ನುಸುಳಿ ಬಂದು ಅರೆಬೆಂದು ಕರಿಕಟ್ಟುತ್ತದೆ. ಪೆಟ್ರೋಲಿನಲ್ಲಿರುವ ಕೆಲವು ಅಸ್ಥಿರ ಅಣುಗಳು ಆಕ್ಸಿಜನ್ನಿನೊಡನೆ ಕೂಡಿ ಅಂಟಾಗುತ್ತವೆ. ಆ ಅಂಟು ಬಿಸಿಗೆ ಮರದ ಮೆರುಗೆಣ್ಣೆಯ ಹಾಗೆ ಗಟ್ಟಿಯಾಗಿ, ಮಸಿಗೆ ಕೂರಲು ಜಾಗ ಮಾಡಿಕೊಡುತ್ತದೆ. ನಿಮ್ಮ ಮನೆಯ ಬಾಣಲೆಯ ಹೊರಮೈಗೆ ವರ್ಷಗಟ್ಟಲೆ ಹಿಡಿದ ಕರಿಜಿಡ್ಡನ್ನು ನೆನಪಿಸಿಕೊಂಡರೆ ಸಾಕು.

ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರು 1908ರಲ್ಲಿ ಮಾರುಕಟ್ಟೆಗೆ ಬಂತು. ಕೊಂಡವರಿಗೆ ಕಂಪನಿ ಕೊಡುತ್ತಿದ್ದ ಕೈಪಿಡಿ ಪ್ರಶ್ನೋತ್ತರ ರೂಪದಲ್ಲಿತ್ತು. ಇಂಗಾಲ ತೆಗೆಯುವುದು ಹೇಗೆ ಎಂಬುದೂ ಅದರಲ್ಲೊಂದು ಪ್ರಶ್ನೆ. ಉತ್ತರ ತೀರ ಸರಳ: ನೀರು ಬಸಿದು, ಬೋಲ್ಟುಗಳನ್ನು ಬಿಚ್ಚಿ, ಸಿಲಿಂಡರ್ ಹೆಡ್ಡನ್ನು ಎತ್ತಿ, ಸ್ಕ್ರೂಡ್ರೈವರಿನಂಥ ಉಪಕರಣದಿಂದ ಕೆರೆದು ತೆಗೆಯಬೇಕು. ಹೀಗೆ ಬಿಚ್ಚಲು ಬರುವ ಹೆಡ್ಡು ಆ ಕಾಲಕ್ಕೆ ಹೊಸತು. ಒಂದೇ ಎರಕದ ಎಂಜಿನ್ನುಗಳಲ್ಲಿ ಆ ಅನುಕೂಲವಿರಲಿಲ್ಲ. ಅಂಥ ಕಡೆ ಸ್ಪಾರ್ಕ್ ಪ್ಲಗ್ಗಿನ ರಂಧ್ರದಿಂದ ಸೀಮೆಎಣ್ಣೆ ಸುರಿದು ರಾತ್ರಿಯಿಡೀ ನೆನೆಯಲು ಬಿಡುತ್ತಿದ್ದರು. ಕೆಲವು ಗ್ಯಾರೇಜುಗಳವರು ಅದೇ ರಂಧ್ರದಲ್ಲಿ ಕೊಳವೆ ಇಳಿಸಿ ಆಕ್ಸಿಜನ್ ಹಾಯಿಸಿ, ಇಂಗಾಲವನ್ನು ಇದ್ದಲ್ಲೇ ಸುಡುತ್ತಿದ್ದರು. ಕಿಡಿಗಳು ಚಿಮ್ಮಿ ಬರುವಾಗ ನೋಡುವವರಿಗೆ ಸೊಗಸು. ಕಾರಿನ ಒಡೆಯನಿಗೆ ಎದೆಬಡಿತ.

ಇಷ್ಟೆಲ್ಲ ಪಾಡು ಏಕೆಂದರೆ ಕಿಟ್ಟ ಹೆಚ್ಚಿದ ಎಂಜಿನ್ನು ಏರಿನಲ್ಲಿ ಟಕಟಕ ಕುಟ್ಟುತ್ತಿತ್ತು. ಮೆಕ್ಯಾನಿಕ್ಕುಗಳು ಇದನ್ನು ನಾಕಿಂಗ್ ಎನ್ನುತ್ತಾರೆ. ಇಂಗಾಲ ದಹನಕೋಶದ ಜಾಗವನ್ನು ಕಿರಿದುಮಾಡುತ್ತದೆ, ಕೆಂಡದಂತೆ ಕಾದು ಕಿಡಿ ಹಾರುವ ಮೊದಲೇ ಇಂಧನವನ್ನು ಹೊತ್ತಿಸುತ್ತದೆ. ಹಾಗಾಗಿ ಕುಟ್ಟುವ ಸದ್ದಿಗೆಲ್ಲ ಇಂಗಾಲವೇ ಅಪರಾಧಿ ಎಂದು ಬಹುಕಾಲ ನಂಬಿದ್ದರು. ಇಂಗ್ಲೆಂಡಿನಲ್ಲಿ ಹ್ಯಾರಿ ರಿಕಾರ್ಡೊ, ಅಮೆರಿಕದ ಡೇಟನ್ ನಗರದಲ್ಲಿ ಚಾರ್ಲ್ಸ್ ಕೆಟರಿಂಗ್ ಮತ್ತು ಅವರ ಕಿರಿಯ ಸಹೋದ್ಯೋಗಿ ಥಾಮಸ್ ಮಿಜ್ಲಿ ಬೇರೆಯದೇ ಸಂಗತಿಯನ್ನು ಕಂಡುಕೊಂಡರು. ಕೆರೆದು ಫಳಫಳ ಮಾಡಿದ ಎಂಜಿನ್ನೂ ಕುಟ್ಟುತ್ತಿತ್ತು. ಒತ್ತಡ ಹೆಚ್ಚಿದಾಗ, ಜ್ವಾಲೆ ಇನ್ನೂ ತಲುಪದ ಇಂಧನ ಒಮ್ಮೆಗೇ ಸಿಡಿಯುವುದು ಈ ಸದ್ದಿನ ಮೂಲ. ಹೀಗೆ ದೋಷದಲ್ಲಿ ಒಂದು ಪಾಲು ಪೆಟ್ರೋಲಿಗೂ ಸಂದಿತು.

ಮಿಜ್ಲಿ 1916ರಿಂದ ಕಂಡಕಂಡ ವಸ್ತುಗಳನ್ನು ಇಂಧನಕ್ಕೆ ಬೆರೆಸಿ ನೋಡುತ್ತ ಬಂದರು. ಅಯೊಡಿನ್ ಸದ್ದನ್ನು ತಗ್ಗಿಸಿತು, ಆದರೆ ದುಬಾರಿ, ಲೋಹವನ್ನೂ ತಿನ್ನುತ್ತಿತ್ತು. 1921ರ ಡಿಸೆಂಬರ್ 9ರಂದು ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತವನ್ನು ಹನಿಯಷ್ಟು ಹಾಕಿದಾಗ ಎಂಜಿನ್ನು ಬೆಣ್ಣೆಯಂತೆ ಓಡಿತು. 1923ರ ಫೆಬ್ರುವರಿಯಲ್ಲಿ ಡೇಟನ್ನಿನ ಬಂಕೊಂದರಲ್ಲಿ ಸೀಸ ಬೆರೆಸಿದ ಪೆಟ್ರೋಲಿನ ಮಾರಾಟ ಶುರುವಾಯಿತು.

ಸೀಸ ವಿಷವೆಂಬುದು ರೋಮನ್ನರ ಕಾಲದಿಂದ ತಿಳಿದ ವಿಚಾರ. ಸ್ವತಃ ಮಿಜ್ಲಿಯವರೇ 1923ರ ಆರಂಭದಲ್ಲಿ ಸೀಸದ ವಿಷ ತಟ್ಟಿ ವಿಶ್ರಾಂತಿಗೆ ಹೋಗಬೇಕಾಯಿತು. 1924ರ ಅಕ್ಟೋಬರಿನಲ್ಲಿ ನ್ಯೂಜರ್ಸಿಯ ಬೇವೇ ಎಂಬಲ್ಲಿದ್ದ ಸಂಸ್ಕರಣಾಗಾರದಲ್ಲಿ ಈ ದ್ರವ್ಯ ತಯಾರಿಸುತ್ತಿದ್ದ ಕಾರ್ಮಿಕರಿಗೆ ಮತಿಭ್ರಮಣೆಯಾಯಿತು, ಐವರು ಸತ್ತರು. ಪತ್ರಿಕೆಗಳು ಇದನ್ನು ಹುಚ್ಚು ಹಿಡಿಸುವ ಗ್ಯಾಸು ಎಂದು ಕರೆದವು. ಆ ತಿಂಗಳ ಕೊನೆಯಲ್ಲಿ ಮಿಜ್ಲಿ ಪತ್ರಕರ್ತರ ಎದುರು ಆ ದ್ರವದಲ್ಲಿ ಕೈ ತೊಳೆದು, ಅದರ ಆವಿಯನ್ನು ಮೂಸಿ ತೋರಿಸಿದರು. ಅಪಾಯವಿಲ್ಲವೆಂದು ಸಾಬೀತುಪಡಿಸುವ ಈ ಬಗೆಯನ್ನು ವಿಜ್ಞಾನವೆಂದು ಕರೆಯುವುದು ಕಷ್ಟ. ಕಾರ್ಖಾನೆಗಳ ಕಾಯಿಲೆಗಳನ್ನು ಅಧ್ಯಯನ ಮಾಡಿದ್ದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ 1925ರ ಮೇ ತಿಂಗಳಲ್ಲಿ ಸರ್ಕಾರ ಕರೆದ ಸಭೆಯಲ್ಲಿ ಖಂಡಿತವಾಗಿ ವಿರೋಧಿಸಿದರು. ತಜ್ಞರ ಸಮಿತಿಯೊಂದು ಕೆಲವೇ ತಿಂಗಳು ಪರಿಶೀಲಿಸಿ, ನಿಷೇಧಿಸಲು ಸಾಕಷ್ಟು ಕಾರಣವಿಲ್ಲವೆಂದು 1926ರಲ್ಲಿ ವರದಿ ಕೊಟ್ಟಿತು. ದಾರಿ ತೆರೆಯಿತು.

ನಮ್ಮ ವಿಷಯವಾದ ಕಿಟ್ಟಕ್ಕೆ ಇಲ್ಲಿ ಒಂದು ನೇರ ಸಂಬಂಧವಿದೆ. ಇದನ್ನು ಗಮನವಿಟ್ಟು ಓದಿ. ಸೀಸವೇನೋ ಸದ್ದನ್ನು ಅಡಗಿಸಿತು. ಆದರೆ ಉರಿದ ಮೇಲೆ ಅದು ಸೀಸದ ಆಕ್ಸೈಡಾಗಿ ಸ್ಪಾರ್ಕ್ ಪ್ಲಗ್ಗುಗಳ ಮೇಲೆ, ವಾಲ್ವುಗಳ ಮೇಲೆ ಹೊಸ ಕಿಟ್ಟವಾಗಿ ಕೂತಿತು. ಇಂಗಾಲದ ಜೊತೆಗೆ ಈಗ ಲೋಹದ ಕಿಟ್ಟ! ಹಾಗಾಗಿ ಮದ್ದಿಗೆ ಇನ್ನೊಂದು ಮದ್ದು ಬೇಕಾಯಿತು. ಸೀಸದ ಜೊತೆ ಎಥಿಲೀನ್ ಡೈಬ್ರೋಮೈಡ್ ಎಂಬ ದ್ರವವನ್ನೂ ಸೇರಿಸಿದರು. ಅದರ ಬ್ರೋಮಿನ್ ಸೀಸವನ್ನು ಹಿಡಿದು ಸೀಸದ ಬ್ರೋಮೈಡ್ ಆಗಿಸುತ್ತದೆ. ಎಂಜಿನ್ನಿನ ಶಾಖಕ್ಕೆ ಅದು ಆವಿಯಾಗಿ ಹೊಗೆಯೊಡನೆ ಹೊರಬೀಳುತ್ತದೆ. ಇದಕ್ಕೆ ಬೇಕಾದ ಬ್ರೋಮಿನ್ನಿಗೆ ನೆಲದ ಉಪ್ಪುನೀರಿನ ಊಟೆಗಳು ಸಾಲದೆ, 1934ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾ ಕರಾವಳಿಯ ಕೂರ್ ಬೀಚಿನಲ್ಲಿ ಸಮುದ್ರದ ನೀರಿನಿಂದಲೇ ಅದನ್ನು ತೆಗೆಯುವ ಕಾರ್ಖಾನೆ ಎದ್ದಿತು. ಎಂಜಿನ್ನು ಶುಚಿಯಾಯಿತು, ನಿಜ. ಅದರ ಕಸ ಬೀದಿಗೆ ಬಿತ್ತು. ಬೀದಿಯ ಧೂಳಿನಲ್ಲಿ ಆಡುವವರು ಮಕ್ಕಳು.

ಈ ಲೆಕ್ಕ ಚುಕ್ತವಾಗಲು ದೀರ್ಘಕಾಲ ಬೇಕಾಯಿತು. ಭೂಮಿಯ ವಯಸ್ಸನ್ನು ಅಳೆದ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್, ತಮ್ಮ ಪ್ರಯೋಗಾಲಯದ ಮಾದರಿಗಳನ್ನೆಲ್ಲ ಕೆಡಿಸುತ್ತಿದ್ದ ಸೀಸದ ಜಾಡು ಹಿಡಿದು, ಗಾಳಿ ನೀರುಗಳಲ್ಲಿ ಸೀಸ ಮಿತಿಮೀರಿದೆಯೆಂದು 1965ರಲ್ಲಿ ಬರೆದರು. ಆದರೂ ಪೆಟ್ರೋಲಿನ ಸೀಸಕ್ಕೆ ಮೊದಲ ದೊಡ್ಡ ಪೆಟ್ಟು ಕೊಟ್ಟಿದ್ದು ಇನ್ನೊಂದು ಯಂತ್ರಭಾಗ. 1975ರಿಂದ ಅಮೆರಿಕದ ಕಾರುಗಳಿಗೆ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ಸೀಸ ತಗುಲಿದರೆ ಅದು ಕೆಲಸ ನಿಲ್ಲಿಸುತ್ತದೆ. ಭಾರತದಲ್ಲಿ 1995ರ ಏಪ್ರಿಲ್‌ನಿಂದ ನಾಲ್ಕು ಮಹಾನಗರಗಳಲ್ಲಿ, 2000ದ ಫೆಬ್ರುವರಿಯಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲು ಬಂತು. ಕಟ್ಟಕಡೆಗೆ 2021ರಲ್ಲಿ ಅಲ್ಜೀರಿಯ ನಿಲ್ಲಿಸಿದ ಮೇಲೆ ಕಾರುಗಳಿಗೆ ಸೀಸದ ಪೆಟ್ರೋಲು ಮಾರುವ ದೇಶ ಲೋಕದಲ್ಲಿ ಉಳಿಯಲಿಲ್ಲ.

ಇನ್ನು ಸಾಬೂನಿನ ಕಥೆಗೆ ಬರೋಣ. ಇದು ಸೀಸದ ಆಳ್ವಿಕೆಯ ನಡುವೆಯೇ, ಸದ್ದಿಲ್ಲದೆ ಆರಂಭವಾಯಿತು. ಆಗಿನ ಎಂಜಿನ್ನುಗಳಲ್ಲಿ ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸುತ್ತಿದ್ದುದು ಕಾರ್ಬ್ಯುರೇಟರ್. ಅದರ ಗಂಟಲಿಗೆ ಅಂಟು ಕಟ್ಟಿದರೆ ಗಾಳಿಯ ಪ್ರಮಾಣ ತಪ್ಪುತ್ತದೆ, ನಿಂತಲ್ಲೇ ಎಂಜಿನ್ನು ಕೆಮ್ಮಿ ಆರುತ್ತದೆ. 1954ರಲ್ಲಿ ಅಮೆರಿಕದ ಸ್ಟ್ಯಾಂಡರ್ಡ್ ಆಯಿಲ್ ಆಫ್ ಕ್ಯಾಲಿಫೋರ್ನಿಯ ಕಂಪನಿ ಈ ಕಿಟ್ಟ ತೊಳೆಯುವ ಮಾರ್ಜಕವನ್ನು ಪೆಟ್ರೋಲಿನಲ್ಲೇ ಬೆರೆಸಿ ಮಾರತೊಡಗಿತು. ಶೆವ್ರಾನ್ ಎಂಬುದು ಅದರ ಮಾರಾಟದ ಹೆಸರು.

ಮಾರ್ಜಕ ಕೆಲಸ ಮಾಡುವ ಬಗೆಯನ್ನು ನೀವು ಶಾಲೆಯಲ್ಲಿ ಸಾಬೂನಿನ ಪಾಠದಲ್ಲಿ ಓದಿಯೇ ಇರುತ್ತೀರಿ. ಸಾಬೂನಿನ ಅಣುವಿಗೆ ಒಂದು ತಲೆ, ಒಂದು ಉದ್ದನೆಯ ಬಾಲ. ತಲೆ ನೀರಿಗೆ ಒಲಿಯುತ್ತದೆ, ಬಾಲ ಜಿಡ್ಡಿಗೆ ಒಲಿಯುತ್ತದೆ. ಪೆಟ್ರೋಲಿನ ಮಾರ್ಜಕದಲ್ಲಿಯೂ ತಲೆ ಬಾಲಗಳಿವೆ, ಆದರೆ ಪಾತ್ರಗಳು ಅದಲುಬದಲು. ನೈಟ್ರೊಜನ್ ಇರುವ ತಲೆ, ಲೋಹದ ಮೇಲೆ ಕೂತ ಕಿಟ್ಟವನ್ನು ಹಿಡಿಯುತ್ತದೆ. ಹೈಡ್ರೊಕಾರ್ಬನ್ನಿನ ಬಾಲ ಪೆಟ್ರೋಲಿನಲ್ಲಿ ಸಲೀಸಾಗಿ ಕರಗುತ್ತದೆ. ಹೀಗೆ ಕಿಟ್ಟದ ಕಣವೊಂದು ಬಾಲಗಳ ಪಲ್ಲಕ್ಕಿಯೇರಿ ದಹನಕೋಶಕ್ಕೆ ಹೋಗಿ ಸುಟ್ಟುಹೋಗುತ್ತದೆ. ಇದಕ್ಕೆ ಬೇಕಾದ ಪ್ರಮಾಣ ಅತ್ಯಲ್ಪ. ಹತ್ತು ಲಕ್ಷ ಭಾಗ ಪೆಟ್ರೋಲಿಗೆ ಕೆಲವು ನೂರು ಭಾಗ. ಒಂದು ಮಾತನ್ನು ಇಲ್ಲಿಯೇ ಗುರುತು ಹಾಕಿಕೊಳ್ಳಿ, ಮುಂದೆ ಬೇಕಾಗುತ್ತದೆ: ಪೆಟ್ರೋಲು ಹರಿದು ಹೋಗುವ ಜಾಗದಲ್ಲಿ ಮಾತ್ರ ಈ ಸಾಬೂನು ತೊಳೆಯಬಲ್ಲುದು.

1960ರ ದಶಕದಲ್ಲಿ ಸಾಬೂನಿಗೆ ಕೆಲಸ ಹೆಚ್ಚಿತು. ಪಿಸ್ಟನ್ನಿನ ಪಕ್ಕದಿಂದ ಸೋರಿ ಕೀಲೆಣ್ಣೆಯ ತೊಟ್ಟಿಗೆ ಇಳಿಯುವ ಹೊಗೆಯನ್ನು ಅದುವರೆಗೆ ಸುಮ್ಮನೆ ಗಾಳಿಗೆ ಬಿಡುತ್ತಿದ್ದರು. ಲಾಸ್ ಏಂಜಲಿಸ್ ನಗರದ ಹೊಗೆಮಂಜಿಗೆ ಇದೂ ಕಾರಣವೆಂದು ತಿಳಿದ ಮೇಲೆ, ಆ ಹೊಗೆಯನ್ನು ಮತ್ತೆ ಎಂಜಿನ್ನಿಗೇ ಉಣಿಸುವ ಏರ್ಪಾಡು 1961ರ ಕಾರುಗಳಿಂದ ಕ್ಯಾಲಿಫೋರ್ನಿಯದಲ್ಲಿ ಬಂತು. ಊರಿನ ಗಾಳಿಗೆ ಒಳ್ಳೆಯದಾಯಿತು. ಆದರೆ ಎಣ್ಣೆಯ ಜಿಡ್ಡಿರುವ ಆ ಹೊಗೆ ಕಾರ್ಬ್ಯುರೇಟರಿನ ಬಾಯಿಗೂ ವಾಲ್ವುಗಳ ಬೆನ್ನಿಗೂ ಕಿಟ್ಟ ತಂದಿತು. ಅದೇ ಕಂಪನಿ 1970ರಲ್ಲಿ ಎಫ್-310 ಎಂಬ ಹೆಚ್ಚು ಬಲವಾದ ಮಾರ್ಜಕವನ್ನು ಹೊರತಂದದ್ದು ಈ ಹಿನ್ನೆಲೆಯಲ್ಲಿ.

ಅದರ ಟೆಲಿವಿಷನ್ ಜಾಹೀರಾತನ್ನು ಇಲ್ಲಿ ವಿವರವಾಗಿ ಹೇಳಲೇಬೇಕು, ಏಕೆಂದರೆ ಪರದೆಯ ಮೇಲೆ ಕಂಡದ್ದನ್ನೆಲ್ಲ ನಂಬುವ ಅಭ್ಯಾಸ ನಮಗೂ ಇದೆ. 1962ರಲ್ಲಿ ಭೂಮಿಯನ್ನು ಸುತ್ತಿ ಬಂದಿದ್ದ ಗಗನಯಾತ್ರಿ ಸ್ಕಾಟ್ ಕಾರ್ಪೆಂಟರ್ ಅದರಲ್ಲಿ ನಿಂತು ಮಾತಾಡುತ್ತಿದ್ದರು. ಕಾರಿನ ಹೊಗೆಕೊಳವೆಗೆ ಪಾರದರ್ಶಕವಾದ ದೊಡ್ಡ ಬಲೂನು ಕಟ್ಟುತ್ತಾರೆ. ಮೊದಲ ಸಲ ಅದು ಕಪ್ಪು ಹೊಗೆಯಿಂದ ತುಂಬುತ್ತದೆ. ಹೊಸ ಪೆಟ್ರೋಲನ್ನು ಆರು ಟ್ಯಾಂಕು ಸುಟ್ಟ ಮೇಲೆ ಕಟ್ಟಿದ ಬಲೂನು ಸ್ಫಟಿಕದಂತೆ ತಿಳಿ! ಇದನ್ನು ಕಂಡವರಿಗೆ ಕಾರಿನ ಹೊಗೆಯ ಸಮಸ್ಯೆ ಬಗೆಹರಿದಂತೆ ತೋರಿದರೆ ಆಶ್ಚರ್ಯವಿಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ದಾವೆ ಹೂಡಿತು. ಮೊದಲ ಬಲೂನಿನ ಕಾರನ್ನು ಬೇಕೆಂದೇ ಕಿಟ್ಟ ಕಟ್ಟಿಸುವ ವಿಶೇಷ ಪೆಟ್ರೋಲಿನಲ್ಲಿ ಓಡಿಸಿ ಕೊಳೆಮಾಡಿದ್ದರೆಂಬುದು ಬೆಳಕಿಗೆ ಬಂತು. ಅದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ. ಉರಿಯದೆ ಉಳಿದ ಹೈಡ್ರೊಕಾರ್ಬನ್ನಿಗೂ ಇಲ್ಲ. ತಿಳಿಯಾದ ಬಲೂನಿನಲ್ಲೂ ವಿಷವಿತ್ತು. ಕಮಿಷನ್ 1974ರಲ್ಲಿ ಕಂಪನಿಯ ವಿರುದ್ಧ ಆದೇಶ ಹೊರಡಿಸಿತು. 1978ರಲ್ಲಿ ಮೇಲ್ಮನವಿ ನ್ಯಾಯಾಲಯ ಆದೇಶದ ವ್ಯಾಪ್ತಿಯನ್ನು ಕಿರಿದುಗೊಳಿಸಿತಾದರೂ, ಜಾಹೀರಾತು ಜನರನ್ನು ತಪ್ಪುದಾರಿಗೆ ಎಳೆದಿದೆಯೆಂಬ ತೀರ್ಮಾನವನ್ನು ಎತ್ತಿಹಿಡಿಯಿತು. ಕಂಪನಿಗೆ ಅನ್ಯಾಯವಾಗದಂತೆ ಒಂದು ಮಾತು ಸೇರಿಸಬೇಕು: ಎಫ್-310 ಬರಿಯ ನೀರಾಗಿರಲಿಲ್ಲ. ಕೊಳೆಯಾದ ಎಂಜಿನ್ನನ್ನು ಅದು ನಿಜಕ್ಕೂ ಶುಚಿಗೊಳಿಸುತ್ತಿತ್ತು, ಹೊಗೆಯ ವಿಷವನ್ನು ಒಂದಿಷ್ಟು ತಗ್ಗಿಸುತ್ತಿತ್ತು. ಇದ್ದ ಗುಣವನ್ನು ಇದ್ದಷ್ಟೇ ಹೇಳಲಿಲ್ಲ, ಅಷ್ಟೆ.

ಅದೇ ವರ್ಷಗಳಲ್ಲಿ ನಮ್ಮ ಬೀದಿಗಳಲ್ಲಿ ಓಡುತ್ತಿದ್ದುವು ಹೆಚ್ಚಾಗಿ ಎರಡು ಹೊಡೆತದ, ಎಂದರೆ ಟೂ-ಸ್ಟ್ರೋಕ್ ಎಂಜಿನ್ನಿನ ಸ್ಕೂಟರು ಬೈಕುಗಳು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿಗಳೂ ಇದೇ ಜಾತಿಯವು. ಇವುಗಳಲ್ಲಿ ಕೀಲೆಣ್ಣೆಯನ್ನು ಪೆಟ್ರೋಲಿಗೇ ಬೆರೆಸಬೇಕು. ಅದು ಪೆಟ್ರೋಲಿನೊಡನೆ ಉರಿಯಲೇಬೇಕು. ಹೀಗಾಗಿ ಕಿಟ್ಟ ಇಲ್ಲಿ ಅಪಘಾತವಲ್ಲ, ದಿನಚರಿ. ಸೈಲೆನ್ಸರು ಕಟ್ಟಿಕೊಂಡು ಗಾಡಿ ಏರು ಹತ್ತದಾದಾಗ ಮೆಕ್ಯಾನಿಕ್ಕು ನೋಡಿ, ‘ಡಿಕಾರ್ಬನ್ ಮಾಡಿಸಬೇಕು ಸ್ವಾಮಿ’ ಎನ್ನುತ್ತಿದ್ದ. ಸೈಲೆನ್ಸರನ್ನು ಬಿಚ್ಚಿ ಕಾಸ್ಟಿಕ್ ಸೋಡಾದ ನೀರಿನಲ್ಲಿ ನೆನೆಹಾಕುವುದು, ಇಲ್ಲವೇ ಬೆಂಕಿಯಲ್ಲಿ ಕಾಯಿಸಿ ಬಡಿಯುವುದು, ಹೊಗೆ ಹೊರಹೋಗುವ ಕಂಡಿಯನ್ನು ಗೀರು ಬೀಳದಂತೆ ಮೆತ್ತನೆಯ ಕಡ್ಡಿಯಿಂದ ಕೆರೆಯುವುದು: ಮಾಡೆಲ್ ಟಿ ಕಾಲದ ವಿದ್ಯೆಯೇ. ಕೈ ಕಪ್ಪಾಗುತ್ತಿತ್ತು, ಮೋಸಕ್ಕೆ ಅವಕಾಶ ಕಡಿಮೆ. ಉದುರಿದ ಕಿಟ್ಟ ನೆಲದ ಮೇಲೆ ಕಾಣುತ್ತಿತ್ತು.

1980ರ ದಶಕದಲ್ಲಿ ಹೊರದೇಶಗಳ ಕಾರುಗಳಲ್ಲಿ ಕಾರ್ಬ್ಯುರೇಟರಿನ ಜಾಗಕ್ಕೆ ಇಂಜೆಕ್ಟರುಗಳು ಬಂದವು. ಪ್ರತಿ ಸಿಲಿಂಡರಿನ ಬಾಗಿಲಲ್ಲಿ, ಒಳವಾಲ್ವಿನ ಹಿಂದೆ, ಕೂದಲೆಳೆಯಷ್ಟು ಸಂದಿಯಿಂದ ಪೆಟ್ರೋಲನ್ನು ಸಿಂಪಡಿಸುವ ಸಾಧನ ಇದು. ಎಂಜಿನ್ನು ನಿಲ್ಲಿಸಿದ ಮೇಲೆ ತಂಪುನೀರಿನ ಓಟವೂ ನಿಲ್ಲುತ್ತದೆ. ಕೆಲವು ನಿಮಿಷ ಶಾಖ ಇನ್ನೂ ಏರುತ್ತದೆ. ಇಂಜೆಕ್ಟರಿನ ತುದಿಯಲ್ಲಿ ಉಳಿದ ಹನಿ ಆಗ ಬೆಂದು ಮೆರುಗೆಣ್ಣೆಯಾಗುತ್ತದೆ. ಹತ್ತಿರದ ಅಂಗಡಿಗೆ ಹೋಗಿ ಬರುವ ಪುಟ್ಟ ಓಡಾಟಗಳ ಕಾರಿಗೆ ಈ ಕಾಟ ಹೆಚ್ಚು. 1980ರ ದಶಕದ ನಡುವಿನಲ್ಲಿ ಇಂಥ ದೂರುಗಳು ಮಳೆಗರೆದವು. ವಾಲ್ವುಗಳ ಮೇಲಿನ ಕಿಟ್ಟ ಅಳೆಯಲು ಬಿಎಂಡಬ್ಲ್ಯು ಕಾರನ್ನು 10,000 ಮೈಲಿ, ಎಂದರೆ 16,000 ಕಿಲೊಮೀಟರ್ ಓಡಿಸಿ, ವಾಲ್ವುಗಳನ್ನು ಬಿಚ್ಚಿ ತೂಗುವ ಪರೀಕ್ಷೆ ಜಾರಿಗೆ ಬಂತು. ಸರಾಸರಿ ಒಂದು ವಾಲ್ವಿಗೆ 100 ಮಿಲಿಗ್ರಾಮಿನೊಳಗಿದ್ದರೆ ಆ ಪೆಟ್ರೋಲು ಉತ್ತೀರ್ಣ. ಪಾಲಿಈಥರ್ ಅಮೀನ್ ಎಂಬ, ವಾಲ್ವಿನ ಶಾಖಕ್ಕೂ ಜಗ್ಗದ ಮಾರ್ಜಕಗಳು ಈ ಹೊತ್ತಿಗೆ ಬಂದಿದ್ದುವು. 1995ರ ಜನವರಿ 1ರಿಂದ ಅಮೆರಿಕದಲ್ಲಿ ಮಾರುವ ಪೆಟ್ರೋಲಿಗೆಲ್ಲ ಮಾರ್ಜಕ ಕಡ್ಡಾಯವಾಯಿತು. ಇದಕ್ಕೆ ಬೇಡದ ಪರಿಣಾಮವೂ ಉಂಟಾಯಿತು. ಕನಿಷ್ಠ ಪ್ರಮಾಣವನ್ನು ಕಾನೂನು ಹೇಳಿದ ಮೇಲೆ, ಅದುವರೆಗೆ ಹೆಚ್ಚು ಹಾಕುತ್ತಿದ್ದ ಕೆಲವರೂ ಕನಿಷ್ಠಕ್ಕೇ ಇಳಿದರು. 2004ರಲ್ಲಿ ಕಾರು ತಯಾರಕರೇ ಸೇರಿ ಟಾಪ್ ಟಿಯರ್ ಎಂಬ ಮೇಲ್ಮಟ್ಟದ ಮಾನದಂಡ ಮಾಡಿಕೊಳ್ಳಬೇಕಾಯಿತು.

ಈಗ ಬಂಕಿನ ಬಾಟಲಿಯನ್ನು ಕೈಗೆತ್ತಿಕೊಳ್ಳಬಹುದು. ಅದರೊಳಗೆ ಒಳ್ಳೆಯ ಮಾರ್ಜಕವೇ ಇದ್ದರೆ, ಒಂದು ಟ್ಯಾಂಕು ಪೆಟ್ರೋಲಿಗೆ ಎಂದಿಗಿಂತ ಹೆಚ್ಚು ಸಾಬೂನು ಸೇರಿದಂತಾಗುತ್ತದೆ. ವಾಲ್ವಿನ ಹಿಂದೆ ಸಿಂಪಡಿಸುವ ಬಗೆಯ ಎಂಜಿನ್ನಿನಲ್ಲಿ ಇಂಜೆಕ್ಟರಿನ ತುದಿ, ಒಳವಾಲ್ವಿನ ಬೆನ್ನು ಇವೆರಡನ್ನು ಅದು ಶುಚಿಮಾಡಬಲ್ಲುದು. ಪಿಸ್ಟನ್ನಿನ ನೆತ್ತಿಯ ಮೇಲೆ ಕಲ್ಲಾದ ಇಂಗಾಲದ ಮೇಲೆ ಪರಿಣಾಮ ಕಡಿಮೆ. ಉಂಗುರ ಸವೆದು ಎಣ್ಣೆ ಕುಡಿಯುವ ಎಂಜಿನ್ನಿಗೆ ಹತ್ತು ಬಾಟಲಿ ಸುರಿದರೂ ಫಲವಿಲ್ಲ. ಇವತ್ತು ತೊಳೆದ ಜಾಗಕ್ಕೆ ನಾಳೆ ಮತ್ತೆ ಕರಿ. ಕಾರಿಗೆ ಯಾವ ತೊಂದರೆಯೂ ಇಲ್ಲದಿರುವಾಗ ಸುಮ್ಮನೆ ಸುರಿಯುವುದು ಹಣದ ವ್ಯಯವೆಂದೇ ನನ್ನ ಅಭಿಪ್ರಾಯ. ವಾರಕ್ಕೊಮ್ಮೆಯಾದರೂ ಹೆದ್ದಾರಿಯಲ್ಲಿ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸುವುದು, ಹೊತ್ತಿಗೆ ಸರಿಯಾಗಿ ಎಣ್ಣೆ ಬದಲಿಸುವುದು ಇದಕ್ಕಿಂತ ಅಗ್ಗ.

ಮೇಲೆ ಗುರುತು ಹಾಕಿಕೊಳ್ಳಿ ಎಂದಿದ್ದ ಮಾತು ಇಲ್ಲಿ ಬೇಕಾಗುತ್ತದೆ. 1996ರಲ್ಲಿ ಜಪಾನಿನ ಮಿತ್ಸುಬಿಷಿ ಕಂಪನಿ ಪೆಟ್ರೋಲನ್ನು ನೇರವಾಗಿ ದಹನಕೋಶದೊಳಕ್ಕೇ ಸಿಂಪಡಿಸುವ ಎಂಜಿನ್ನನ್ನು ಮಾರುಕಟ್ಟೆಗೆ ತಂದಿತು. ಇಂಧನ ಉಳಿತಾಯಕ್ಕೆ ಒಳ್ಳೆಯ ಉಪಾಯ. ಇಂದು ನಮ್ಮ ದೇಶದಲ್ಲಿ ಓಡುವ ಅನೇಕ ಟರ್ಬೊ ಪೆಟ್ರೋಲ್ ಕಾರುಗಳೂ ಇದೇ ಬಗೆಯವು. ಆದರೆ ಇಲ್ಲಿ ಪೆಟ್ರೋಲು ಒಳವಾಲ್ವಿನ ಬೆನ್ನನ್ನು ಮುಟ್ಟುವುದೇ ಇಲ್ಲ. 1961ರಿಂದ ಎಂಜಿನ್ನಿಗೆ ಉಣಿಸುತ್ತ ಬಂದ ಎಣ್ಣೆಹೊಗೆ ಮಾತ್ರ ಮುಟ್ಟುತ್ತದೆ, ಬಿಸಿಗೆ ಕರಿಕಟ್ಟುತ್ತದೆ. ಟ್ಯಾಂಕಿಗೆ ಎಂಥ ಸಾಬೂನು ಸುರಿದರೂ ಅದು ಆ ಜಾಗವನ್ನು ತಲುಪದು. ಹಾಗಾಗಿ ವರ್ಕ್‌ಶಾಪುಗಳಲ್ಲಿ ಗಾಳಿ ಒಳಬರುವ ಕೊಳವೆಗಳನ್ನು ಬಿಚ್ಚಿ, ಅಕ್ರೋಟಿನ ಚಿಪ್ಪಿನ ಪುಡಿಯನ್ನು ಒತ್ತಡದ ಗಾಳಿಯಲ್ಲಿ ವಾಲ್ವುಗಳ ಮೇಲೆ ಹೊಡೆದು ಕಿಟ್ಟ ಉದುರಿಸುತ್ತಾರೆ. ಅಕ್ರೋಟಿನ ಚಿಪ್ಪೇ ಏಕೆಂದರೆ ಅದು ಇಂಗಾಲವನ್ನು ಕೆರೆಯುವಷ್ಟು ಗಡುಸು, ಲೋಹಕ್ಕೆ ಗೀರು ಬೀಳಿಸದಷ್ಟು ಮೆದು. ಟೊಯೋಟ ಕಂಪನಿಯ ಎಂಜಿನಿಯರುಗಳು 2005ರಲ್ಲಿ ಬೇರೆ ದಾರಿ ಹಿಡಿದರು. ಒಂದೊಂದು ಸಿಲಿಂಡರಿಗೆ ಎರಡೆರಡು ಇಂಜೆಕ್ಟರು ಇಟ್ಟರು. ಒಂದು ದಹನಕೋಶದ ಒಳಗೆ, ಇನ್ನೊಂದು ಹಳೆಯ ಜಾಗದಲ್ಲಿ, ವಾಲ್ವಿನ ಹಿಂದೆ. ಆ ಎರಡನೆಯದರಿಂದ ಚಿಮ್ಮುವ ಪೆಟ್ರೋಲು ಈಗ ಮತ್ತೆ ವಾಲ್ವನ್ನು ತೊಳೆಯುತ್ತದೆ.